ಸ್ವಕೀಯ ಶತ್ರುವಿನ ಲಕ್ಷಣ

ವಸ್ತುವೊಂದರ ಲಕ್ಷಣವನ್ನು ನಿರೂಪಿಸಹೊರಟವನು ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಗೆ ಎಡೆಗೊಡಬಾರದೆಂದು ನಮ್ಮ ನೈಯಾಯಿಕರು ವಿಧಿಸಿರುವರು. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಹಸುವಾಗುವುದು; ಇದು ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸುವೆಂದರೆ ಬಿಳಿಯ ಹಸು ಹಸುವಲ್ಲವಾಗುವುದು; ಇದು ಅವ್ಯಾಪ್ತಿ. (ಒಂಟಿಗೊರಸಿನ ಹಸುವಿನ ಮಾತು, ಎಂದರೆ ಅಸಂಭವ, ನಮಗಿಲ್ಲಿ ಬೇಕಿಲ್ಲ.) ತರ್ಕಪಾಠದ ಮೊದಲ ಮೆಟ್ಟಿಲಲ್ಲಿ ಬಾಲಕರು ಕಲಿಯುತ್ತಿದ್ದ ಈ ವಿವೇಚನೆ ಇಂದು ಅರ್ಬುದರೋಗದ ಚಿಕಿತ್ಸೆಯಲ್ಲಿ ಜೀವನ್ಮರಣಗಳ ಪ್ರಶ್ನೆಯಾಗಿ ನಿಂತಿದೆ.

ಹೊರಗಿನಿಂದ ಬಂದ ರೋಗಾಣುವನ್ನು ಪರಕೀಯವೆಂದು ಅರಿಯುವುದು ದೇಹಕ್ಕೆ ಬಹುಮಟ್ಟಿಗೆ ಸಹಜ. ಅರ್ಬುದಕೋಶವಾದರೋ ನಮ್ಮ ರಕ್ತಮಾಂಸಗಳಲ್ಲಿಯೇ ಹುಟ್ಟಿ, ನಮ್ಮ ಕೋಶಗಳ ಮೇಲ್ಮೈಯಲ್ಲಿರುವ ಪ್ರೋಟೀನುಗಳನ್ನೇ ತಾನೂ ಧರಿಸಿರುವುದರಿಂದ, ಅದಕ್ಕೆ ಮಾತ್ರವೇ ಸಲ್ಲುವ ಅಸಾಧಾರಣ ಧರ್ಮವೊಂದನ್ನು ಆ ಮೇಲ್ಮೈಯಲ್ಲಿ ಕಾಣುವುದು ಅತಿದುರ್ಲಭ. ರೋಗಿಯ ಟಿ ಕೋಶಗಳೆಂಬ ರಕ್ಷಕಕೋಶಗಳನ್ನೇ ಹೊರತೆಗೆದು, ಸಿಡಿ19 ಎಂಬ ಪ್ರೋಟೀನನ್ನು ಗುರುತಿಸುವ ಗ್ರಾಹಕವನ್ನು ಅವುಗಳಲ್ಲಿ ಮೂಡಿಸಿ, ಮರಳಿ ರಕ್ತಕ್ಕೆ ಬಿಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2017ರಲ್ಲಿಯೂ, ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಪರಿಶ್ರಮದಿಂದ ಭಾರತದಲ್ಲಿ 2023ರಲ್ಲಿಯೂ ಅನುಮತಿ ದೊರೆಯಿತು. ಸಿಡಿ19 ಅರ್ಬುದದ ಲಕ್ಷಣವಲ್ಲ, ಪ್ರತಿಕಾಯಗಳನ್ನು ಒದಗಿಸುವ ಬಿ ಕೋಶಗಳೆಂಬ ಕುಲದ ಲಕ್ಷಣ; ಆದುದರಿಂದ ಕೆಲವು ರಕ್ತಾರ್ಬುದಗಳಲ್ಲಿ ಕೆಟ್ಟ ಬಿ ಕೋಶಗಳೊಡನೆ ನಿರಪರಾಧಿಗಳಾದ ಬಿ ಕೋಶಗಳೂ ಹತವಾಗುವುವು. ಅವ್ಯಾಪ್ತಿಯೂ ತಪ್ಪದು: ಕೆಲವರಲ್ಲಿ ಸಿಡಿ19ನ್ನು ಕಳಚಿಹಾಕಿದ ಕೋಶಗಳು ಉಳಿದುಕೊಂಡು ರೋಗ ಮರುಕಳಿಸುವುದು.

ಅತಿವ್ಯಾಪ್ತಿ ಎಷ್ಟು ದಾರುಣವಾಗಬಹುದೆಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ 2010ರಲ್ಲಿ ಪ್ರಕಟವಾದ ವರದಿಯೊಂದು ಸಾಕ್ಷಿ. ಹರ್2 ಎಂಬ ಪ್ರೋಟೀನನ್ನು ಅರಸುವ ಟಿ ಕೋಶಗಳನ್ನು ರೋಗಿಯೊಬ್ಬರ ದೇಹಕ್ಕೆ ಹರಿಯಿಸಿದ ಹದಿನೈದು ನಿಮಿಷಗಳೊಳಗೆ ಉಸಿರಾಟ ಕೆಟ್ಟಿತು. ಐದು ದಿನಗಳಲ್ಲಿ ಮರಣ ಸಂಭವಿಸಿತು. ಶ್ವಾಸಕೋಶದ ಆರೋಗ್ಯವಂತ ಕೋಶಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಅದೇ ಪ್ರೋಟೀನನ್ನು ಕಂಡು ಟಿ ಕೋಶಗಳು ಅಲ್ಲಿಯೇ ಎರಗಿರಬೇಕೆಂದು ವೈದ್ಯರು ಊಹಿಸಿದರು.

ಕುರುಹನ್ನು ನೋಡಿ ಕೊಲ್ಲುವವನಿಗೆ ಸ್ವರೂಪಜ್ಞಾನವಿರುವುದಿಲ್ಲ. ಆ ಜ್ಞಾನದ ಹೊಣೆ ಕುರುಹನ್ನು ಆಯ್ದುಕೊಟ್ಟವನದು. ಶತ್ರುವೂ ತಾನೇ ಆಗಿರುವಲ್ಲಿ ನಿರ್ದುಷ್ಟ ಲಕ್ಷಣಕ್ಕಾಗಿ ಕಾಯುತ್ತ ಕುಳಿತರೆ ರೋಗಿ ಉಳಿಯನು. ಆದಕಾರಣ ತಾರ್ಕಿಕನ ಪ್ರಶ್ನೆ ಇಲ್ಲಿ ಧರ್ಮದ ಪ್ರಶ್ನೆಯಾಗಿ ಪರಿಣಮಿಸಿ, ನಿರಪರಾಧಿಗಳಲ್ಲಿ ಯಾರ ನಾಶವನ್ನು ದೇಹ ತಾಳಬಲ್ಲುದೆಂದು ವೈದ್ಯನು ಮೊದಲೇ ನಿರ್ಣಯಿಸಬೇಕಾಗುವುದು. ಬಿ ಕೋಶಗಳನ್ನು ಕಳೆದುಕೊಂಡವನು ಅನ್ಯರ ರಕ್ತದಿಂದ ಪಡೆದ ಪ್ರತಿಕಾಯಗಳ ನೆರವಿನಿಂದ ವರ್ಷಗಟ್ಟಲೆ ಬಾಳಬಲ್ಲನು. ಶ್ವಾಸಕೋಶವನ್ನು ಕಳೆದುಕೊಂಡವನು ಬಾಳಲಾರನು.