ಅಳದ ಮಗುವಿನ ಪಾಲು

‘ಅಳುವ ಮಗುವಿಗೆ ಹಾಲು’ ಎಂಬುದು ನಮ್ಮಲ್ಲಿ ಹಳೆಯ ಮಾತು. ಲೋಕವ್ಯವಹಾರವನ್ನು ಚೆನ್ನಾಗಿ ಬಲ್ಲವರು ಆಡಿದ ಮಾತು ಅದು; ಕೇಳಿದವನಿಗೆ ಸಿಕ್ಕೀತು, ಸುಮ್ಮನಿದ್ದವನಿಗೆ ಇಲ್ಲ ಎಂಬುದು ಅದರ ತಾತ್ಪರ್ಯ. ನಮ್ಮ ಕಚೇರಿಗಳೂ ಆಸ್ಪತ್ರೆಗಳೂ ಬಹುಮಟ್ಟಿಗೆ ನಡೆಯುವುದು ಈ ನ್ಯಾಯದ ಮೇಲೆಯೇ. ಬಾಗಿಲು ತೆರೆದಿದೆ, ಬೇಕಾದವರು ಬರಲಿ. ಮೇಲುನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣದು. ಆದರೆ ಅಳಲು ಬಾರದ ಮಗುವೊಂದಿದ್ದರೆ ಅದರ ಪಾಲಿನ ಹಾಲಿಗೆ ಯಾರು ಹೊಣೆ? ಮಕ್ಕಳ ಮಾನಸಿಕ ಆರೋಗ್ಯದ ವಿಚಾರ ಬಂದಾಗ ವೈದ್ಯಶಾಸ್ತ್ರದ ಪ್ರಶ್ನೆಗಿಂತ ಮೊದಲು ಎದುರಾಗುವುದು ಈ ಧರ್ಮದ ಪ್ರಶ್ನೆ.

ಮೈಯ ಜ್ವರ ಹಣೆಯ ಮೇಲೆ ಕೈಯಿಟ್ಟರೆ ತಿಳಿಯುತ್ತದೆ. ಮನಸ್ಸಿನ ಬೇನೆಗೆ ಹಾಗೆ ಕೈಯಿಡುವ ಜಾಗವಿಲ್ಲ. ದೊಡ್ಡವರಾದರೆ ‘ಯಾಕೋ ಮನಸ್ಸೇ ಸರಿಯಿಲ್ಲ’ ಎಂದಾದರೂ ಅಂದಾರು. ಮಗು ಹಾಗೆನ್ನದು. ಹೊಟ್ಟೆನೋವು ಎನ್ನುತ್ತದೆ, ಶಾಲೆಗೆ ಹೋಗಲೊಲ್ಲೆ ಎನ್ನುತ್ತದೆ, ಕಾರಣವಿಲ್ಲದೆ ತಮ್ಮನನ್ನು ಹೊಡೆಯುತ್ತದೆ. ಇಲ್ಲವೆ, ಏನೂ ಮಾಡದೆ ಮೂಲೆ ಹಿಡಿದು ಕೂರುತ್ತದೆ. ಮೊದಲಿನವಕ್ಕೆ ನಾವು ಏಟು ಕೊಡುತ್ತೇವೆ; ಕೊನೆಯದಕ್ಕೆ ‘ಬಹಳ ಸಾಧು’ ಎಂದು ಹೊಗಳುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಆ ಲೆಕ್ಕ ಹಿಡಿದರೆ 60 ಮಂದಿಯ ಪಿ.ಯು. ತರಗತಿಯಲ್ಲಿ ನಾಲ್ವರು. ಹಾಜರಿ ಕೂಗುವಾಗ ಓಗೊಡುವ ದನಿಗಳಲ್ಲಿ ಆ ನಾಲ್ಕು ಯಾವುವೆಂದು ಹಾಜರಿ ಪುಸ್ತಕ ಹೇಳುವುದಿಲ್ಲ.

ನಮ್ಮ ಕಾಫಿ ಸೀಮೆಯನ್ನೇ ನೋಡಬಹುದು. ಎಷ್ಟೋ ಬಂಗಲೆಗಳ ಮಕ್ಕಳು ಎಳೆಯ ವಯಸ್ಸಿಗೇ ಬೋರ್ಡಿಂಗ್ ಶಾಲೆ ಸೇರುತ್ತಾರೆ. ಅಲ್ಲಿ ಬಾಡಿದ ಮಗುವನ್ನು ತಂದೆತಾಯಿ ಮಂಗಳೂರಿಗೋ ಬೆಂಗಳೂರಿಗೋ ಕರೆದೊಯ್ದು, ನೆಂಟರಿಗೆ ‘ಕಣ್ಣು ತೋರಿಸಲು ಹೋಗಿದ್ದೆವು’ ಎಂದು ಹೇಳುವುದುಂಟು. ಅದೇ ತೋಟದ ಲೈನುಮನೆಯ ಮಗುವಿಗೆ ಮುಚ್ಚಿಡುವ ಅವಕಾಶವೂ ಇಲ್ಲ, ತೋರಿಸುವ ಅನುಕೂಲವೂ ಇಲ್ಲ. ಮನೆಯಲ್ಲಿ ಕುಡಿತವಿದ್ದರೆ, ಸಾಲವಿದ್ದರೆ, ಜಗಳವಿದ್ದರೆ, ಒಂದೇ ಕೋಣೆಯಲ್ಲಿ ಎಲ್ಲಕ್ಕೂ ಅದು ಸಾಕ್ಷಿ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಗುವಾದರೆ ಸುತ್ತಲಿನ ಮಾತೂ ಅದಕ್ಕೆ ಹೊಸದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳೂ ತೋಟಗಳೂ ಹೋದುವು. ಹೋದ ಎಕರೆಗೆ ಪಹಣಿಯಲ್ಲಿ ಲೆಕ್ಕವುಂಟು. ಮಳೆ ಜೋರಾದರೆ ಬೆಚ್ಚಿ ಅಮ್ಮನ ಸೆರಗು ಹಿಡಿಯುವ ಮಗುವಿಗೆ ಯಾವ ಪುಸ್ತಕದಲ್ಲಿ ಕಲಮಿದೆ?

ಸರ್ಕಾರ ಸುಮ್ಮನೆ ಕುಳಿತಿದೆ ಎಂದರೆ ತಪ್ಪಾದೀತು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ತರಬೇತಿ ಪಡೆದರೆ ಮನೋರೋಗಕ್ಕೆ ಊರಿನಲ್ಲಿಯೇ ಆರೈಕೆ ಸಾಧ್ಯವೆಂದು 1985ರಲ್ಲಿ ಆರಂಭವಾದ ಬಳ್ಳಾರಿಯ ಪ್ರಯೋಗ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಕನ್ನಡ ಜಿಲ್ಲೆಯೇ. 2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಿಂದ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೂ ಮಕ್ಕಳೂ ಸೇರಿದಂತೆ ಯಾವ ರೋಗಿಯೂ ಚಿಕಿತ್ಸೆಗಾಗಿ ಬಹುದೂರ ಅಲೆಯುವಂತಾಗಬಾರದು ಎಂದು ಸ್ಪಷ್ಟವಾಗಿ ವಿಧಿಸಿದೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿ ಖರ್ಚಿಲ್ಲದೆ ಸಲಹೆ ಕೇಳಬಹುದು.

ಇವೆಲ್ಲ ಒಳ್ಳೆಯವೇ. ಆದರೆ ಇವುಗಳಲ್ಲಿ ಬಹುಪಾಲು ಕೇಳಿ ಬಂದವರಿಗಾಗಿ ಕಾಯುವ ಬಾಗಿಲುಗಳು. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರು ಘಟ್ಟದ ಹಾದಿ. ಮಂಗಳವಾರ ಕೆಲಸದ ದಿನ. ತಾಯಿ ಮಗುವನ್ನು ಕರೆದುಕೊಂಡು ಹೋದರೆ ಅವಳ ಕೂಲಿ ಹೋಯಿತು, ಮಗುವಿನ ಪಾಠ ಹೋಯಿತು. ತಂದೆಯೂ ಜತೆಗೆ ಬಂದರೆ ಎರಡು ಕೂಲಿ. ಫೋನು ಇರುವುದು ಅಪ್ಪನ ಜೇಬಿನಲ್ಲಿ. ಮಗುವಿನ ಭಯ ಅಪ್ಪನದೇ ಆಗಿದ್ದರೆ ಆ ಸಂಖ್ಯೆ ಎಷ್ಟು ಸುಲಭವಾದರೂ ಏನು ಫಲ? ಎಲ್ಲರಿಗೂ ಒಂದೇ ಬಾಗಿಲು ತೆರೆದಿಡುವುದು ಸಮಾನತೆ ಎನಿಸಬಹುದು. ನಡೆಯಲಾರದವನ ಮಟ್ಟಿಗೆ ತೆರೆದ ಬಾಗಿಲೂ ಮುಚ್ಚಿದ ಬಾಗಿಲೇ.

ಪೋಲಿಯೊ ವಿಷಯದಲ್ಲಿ ನಾವು ಹೀಗೆ ಮಾಡಲಿಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ಕಾರ್ಯಕರ್ತೆಯರು ಹನಿಯ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ನಡೆದರು. ‘ನನಗೆ ಹನಿ ಬೇಕು’ ಎಂದು ಯಾವ ಮಗುವೂ ಅರ್ಜಿ ಹಾಕಲಿಲ್ಲ. 2014ರಲ್ಲಿ ಭಾರತ ಪೋಲಿಯೊಮುಕ್ತವೆನಿಸಿಕೊಂಡಿತು. ಕೇಳಲಾರದವನ ವಿಷಯದಲ್ಲಿ ಮೊದಲ ಹೆಜ್ಜೆ ಕೊಡುವವನದು ಎಂಬ ಧರ್ಮವನ್ನು ಮಗುವಿನ ಕಾಲಿನ ವಿಷಯದಲ್ಲಿ ಒಪ್ಪಿದವರು ಮನಸ್ಸಿನ ವಿಷಯದಲ್ಲಿ ಒಪ್ಪದಿರಲು ಕಾರಣವೇನು?

ಕಾರಣವೊಂದುಂಟು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹನಿ ನಾಲಗೆಯ ಮೇಲೆ ಬೀಳುತ್ತದೆ, ಮುಗಿಯಿತು. ಮನಸ್ಸಿನ ಕೆಲಸ ಸಂಸಾರದ ಒಳಮನೆಗೆ ಹೋಗುತ್ತದೆ. ಸರ್ಕಾರದ ಕಡೆಯವರು ಪುಸ್ತಕ ಹಿಡಿದು ಬಂದು ‘ನಿಮ್ಮ ಮಗುವಿಗೇನು ದುಃಖ?’ ಎಂದು ಕೇಳಿದರೆ ಬಡವನ ಮಾನವೇನಾಗಬೇಕು? ಲೈನಿನ ನಾಲ್ಕು ಮನೆಗೆ ಸುದ್ದಿ ಹರಡಿ ಮಗುವಿಗೊಂದು ಅಡ್ಡಹೆಸರು ಅಂಟಿಕೊಂಡರೆ ಬೇನೆಗಿಂತ ಮದ್ದೇ ಕೆಟ್ಟದಾದೀತು. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೆ, ಅಥವಾ 1971ರಲ್ಲಿ ಬಂದ ಪುಟ್ಟಣ್ಣನವರ ಚಿತ್ರವನ್ನು ನೋಡಿದವರಿಗೆ, ಇದನ್ನು ವಿವರಿಸಬೇಕಾಗಿಲ್ಲ. ಕಾವೇರಿ ಗುಣವಾಗಿ ಮನೆಗೆ ಬಂದಳು. ಅವಳು ಗುಣವಾದಳೆಂದು ಮನೆಯೂ ನೆರೆಯೂ ಒಪ್ಪಲಿಲ್ಲ. ಒಬ್ಬರನ್ನು ಮಾತ್ರ ವಾಸಿಮಾಡಿ, ವಾಸಿಯಾಗದ ಮನೆಗೆ ಮರಳಿಸಿದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿ ಬೇರೆ ಉದಾಹರಣೆ ಬೇಡ. ಕಾವೇರಿಯಾದರೂ ಪ್ರಾಯದ ಹೆಣ್ಣು. ಏಳು ವರ್ಷದ ಮಗುವಿಗೆ ಮನೆಯನ್ನು ಬಿಟ್ಟು ಬೇರೆ ಲೋಕವೆಲ್ಲಿದೆ?

ಇಲ್ಲಿ ನಮ್ಮ ಹಳೆಯ ನಡವಳಿಕೆಯೊಂದು ನೆನಪಿಗೆ ತಂದುಕೊಳ್ಳತಕ್ಕದ್ದು. ಮಗು ರಾತ್ರಿ ಬೆಚ್ಚಿಬಿದ್ದರೆ ಮಲೆನಾಡಿನ ಅಜ್ಜಿ ಹರಕೆ ಹೊರುತ್ತಾಳೆ. ಹೊರನಾಡಿಗೋ ಕಳಸಕ್ಕೋ ಕರೆದೊಯ್ಯುತ್ತಾಳೆ. ವಿದ್ಯಾವಂತರು ನಗುತ್ತಾರೆ. ಮೂರ್ಛೆರೋಗದ ಮಗುವನ್ನು ಹರಕೆಯಿಂದಲೇ ಗುಣಪಡಿಸುತ್ತೇವೆಂದು ಕೂತು ವರ್ಷಗಳನ್ನು ಕಳೆದರೆ ಅದು ಹಾನಿಯೇ, ಸಂಶಯವಿಲ್ಲ. ಆದರೆ ಆ ಪ್ರಯಾಣದಲ್ಲಿ ಮಗು ಒಂಟಿಯಲ್ಲ. ಅಪ್ಪ, ಅಮ್ಮ, ಅಜ್ಜಿ, ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ‘ನಮ್ಮ ಮನೆಗೆ ಕಷ್ಟ ಬಂದಿದೆ’ ಎನ್ನುತ್ತಾರೆಯೇ ಹೊರತು ‘ಇವನಿಗೆ ಹುಚ್ಚು’ ಎನ್ನುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಒಂದೇ ಹೆಸರಿಗೆ ಸ್ಥಳವಿರುತ್ತದೆ. ಶಾಸ್ತ್ರವನ್ನು ಆಸ್ಪತ್ರೆಯಿಂದಲೂ ಒಗ್ಗಟ್ಟನ್ನು ಅಜ್ಜಿಯಿಂದಲೂ ಕಲಿತರೆ ನಷ್ಟವೇನು?

ಹಾಗಾದರೆ ಸುಧಾರಣೆ ಎಂದರೆ ಹೊಸ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಕ್ರಮದ ಬದಲಾವಣೆ. ಮನೆಯೊಳಗೆ ಈಗಾಗಲೇ ಸಲಿಗೆಯಿರುವವರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟರು. ಬಳ್ಳಾರಿಯ ರೀತಿಯಲ್ಲಿ ಇವರಿಗೆ ಮಗುವಿನ ಮೌನವನ್ನು ಗುರುತಿಸುವ ತರಬೇತಿ ಕೊಡಬೇಕು. ಕಂಡದ್ದನ್ನು ಊರಿಗೆ ಸಾರದ ಶಿಸ್ತನ್ನೂ ಕಲಿಸಬೇಕು. ಇವರು ಕಳಿಸಿದ ಮಗುವನ್ನು ನೋಡಲು ತಿಂಗಳಿಗೆ ಗೊತ್ತಾದ ಒಂದು ದಿನ ಅದೇ ವೈದ್ಯರು, ಅದೇ ಸಲಹೆಗಾರ್ತಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬರಬೇಕು. ತಿಂಗಳಿಗೊಂದು ಹೊಸ ಮುಖವಾದರೆ ಮಗು ಬಾಯಿ ತೆರೆಯದು. ಚೀಟಿ ಮಗುವಿನ ಹೆಸರಿನಲ್ಲಿದ್ದರೂ ಅಪ್ಪನ ಕುಡಿತಕ್ಕೂ ಅಮ್ಮನ ಬಳಲಿಕೆಗೂ ಅಲ್ಲಿಯೇ ಚಿಕಿತ್ಸೆಯಾಗಬೇಕು. ಆ ದಿನದ ಕೂಲಿ ಕಡಿಯಬಾರದು. ತೋಟದ ಕಾರ್ಮಿಕರಿಗಾಗಿ 1951ರಲ್ಲಿ ಬಂದ ಕಾಯಿದೆ 50ಕ್ಕೆ ಕಡಿಮೆಯಿಲ್ಲದಷ್ಟು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಗೃಹವಿರಬೇಕೆಂದಿತ್ತು. ಮಗುವಿನ ಹೊಣೆಯಲ್ಲಿ ತೋಟಕ್ಕೂ ಪಾಲುಂಟೆಂಬ ಮಾತು ನಮ್ಮ ಗುಡ್ಡಗಳಿಗೆ ಹೊಸದಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಖರ್ಚು ಈಗಲೂ ಆಗುತ್ತಿದೆ. ಅದನ್ನು ಮಗು ತೆರುತ್ತಿದೆ. ಬಿಟ್ಟ ಶಾಲೆಯಾಗಿ, ಮುಂದೆ ಹಿಡಿದ ಬಾಟಲಿಯಾಗಿ, ಒಮ್ಮೊಮ್ಮೆ ನಾವು ಹೆಸರಿಸಲು ಅಂಜುವ ಸಾವಾಗಿ ಆ ಲೆಕ್ಕ ಬರುತ್ತದೆ. ಅಳುವ ಮಗುವಿಗೆ ಹಾಲು ಕೊಡುವುದಕ್ಕೆ ಧರ್ಮ ಬೇಕಾಗಿಲ್ಲ. ಸದ್ದು ತಡೆಯಲಾರದವನೂ ಕೊಟ್ಟಾನು. ಅಳದ ಮಗುವಿನ ಬಳಿಗೆ ಎದ್ದು ಹೋಗುವ ಸಮಾಜವನ್ನು ಮಾತ್ರ ತಾಯಿ ಎನ್ನಬಹುದು.