ಕಾಣದ ಹೂವು ಇಲ್ಲದ ಹೂವೇ?

ಬಿಸಿಲು ನೆಲ ಮುಟ್ಟದ ಬೀಚ್ ಮರಗಳ ಕಾಡಿನಲ್ಲಿ, ತರಗೆಲೆಗಳ ನಡುವಿನಿಂದ, ಒಂದು ಗೇಣು ಎತ್ತರದ ಆರ್ಕಿಡ್ ಯಾವಾಗಲೋ ಒಮ್ಮೆ ತಲೆಯೆತ್ತುತ್ತದೆ. ಶಾಸ್ತ್ರದ ಹೆಸರು ಎಪಿಪೋಜಿಯಂ ಅಫಿಲ್ಲಮ್. ಇಂಗ್ಲಿಷರು ಕರೆಯುವುದು ಘೋಸ್ಟ್ ಆರ್ಕಿಡ್ ಎಂದು. ಬ್ರಿಟನ್ನಿನಲ್ಲಿ ಅದು ಮೊದಲು ಕಂಡದ್ದು 1854ರಲ್ಲಿ. ಆಮೇಲೆ ಕಂಡದ್ದಕ್ಕಿಂತ ಕಾಣದೆ ಉಳಿದದ್ದೇ ಹೆಚ್ಚು. 1980ರ ದಶಕದ ನಂತರ ಸುಳಿವೇ ಸಿಗದೆ, 2005ರಲ್ಲಿ ಆ ನಾಡಿನಿಂದ ಅಳಿದುಹೋಯಿತೆಂದು ಬರೆದಿಟ್ಟರು. 2009ರಲ್ಲಿ ಹೆರೆಫರ್ಡ್‌ಶೈರಿನ ಕಾಡೊಂದರಲ್ಲಿ ಒಂದೇ ಒಂದು ಗಿಡ ಹೂ ಬಿಟ್ಟು ನಿಂತಿತ್ತು.

ಗಿಡದ ಗುರುತು ಹಿಡಿಯುವವರು ಮೊದಲು ಎಲೆ ನೋಡುತ್ತಾರೆ. ಇದಕ್ಕೆ ಹಸಿರೆಲೆಯೂ ಇಲ್ಲ, ಬೇರೂ ಇಲ್ಲ. ಮಾಸಲು ಹಳದಿ ದಂಟು, ಮೇಲ್ಮುಖವಾದ ತುಟಿಯ ಹೂವು, ಅದರ ಮೇಲೆ ನೇರಳೆಗೆಂಪಿನ ಚುಕ್ಕಿ. ಕಣ್ಣಿಗೆ ಸಿಗುವ ಗುರುತು ಇಷ್ಟೆ. ಅದೂ ಕೆಲವೇ ದಿನ. ಉಳಿದ ಬಾಳೆಲ್ಲ ಮಣ್ಣಿನೊಳಗೆ, ಕವಲೊಡೆದ ಗೆಡ್ಡೆಯಾಗಿ.

ಹಸಿರಿಲ್ಲದ ಗಿಡ ಉಣ್ಣುವುದೇನು? ಮರ ಮೇಲೆ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಅದರ ಬೇರನ್ನು ಹೆಣೆದುಕೊಂಡ ಶಿಲೀಂಧ್ರ ಒಂದು ಪಾಲು ಪಡೆದು, ಬದಲಿಗೆ ನೀರು, ಲವಣಗಳನ್ನು ಕೊಡುತ್ತದೆ. ಆ ಶಿಲೀಂಧ್ರದಿಂದ ಆರ್ಕಿಡ್ ತನ್ನ ತುತ್ತನ್ನು ಎಳೆದುಕೊಳ್ಳುತ್ತದೆ. ನೆರಳಲ್ಲಿ ಅರಳಿದ ಈ ಹೂವಿನಲ್ಲಿರುವುದೂ ಬಿಸಿಲೇ, ಎರಡು ಕೈ ದಾಟಿ ಬಂದದ್ದು. ಹಾಗಾದರೆ ಈ ಗಿಡ ಎಲ್ಲಿಗೆ ಮುಗಿಯಿತು, ಕಾಡು ಎಲ್ಲಿಂದ ಶುರುವಾಯಿತು? ಹೂವನ್ನು ಕಿತ್ತು ಹಾಳೆಗಳ ನಡುವೆ ಒತ್ತಿಟ್ಟರೆ ಹೆಸರು ಉಳಿಯುತ್ತದೆ, ಬದುಕು ಕಾಡಿನಲ್ಲೇ ತುಂಡಾಗುತ್ತದೆ. ಕಂಡವರು ಅದರ ಜಾಗವನ್ನು ಗುಟ್ಟಾಗಿಡುವುದು ಇದಕ್ಕೇ. ನೋಡಲು ಬಂದವರ ಕಾಲ್ತುಳಿತವೂ ಆ ನೆಲಕ್ಕೆ ಭಾರ.

ಇದೇ ಕುಲದ ಎಪಿಪೋಜಿಯಂ ರೋಸಿಯಂ ನಮ್ಮ ಸಹ್ಯಾದ್ರಿಯಲ್ಲೂ ಇದೆ. ಅದಕ್ಕೂ ಎಲೆಯಿಲ್ಲ, ಅದೂ ಶಿಲೀಂಧ್ರವನ್ನೇ ನಂಬಿದ್ದು. ದರಗು ಕೊಳೆಯುವ ತಂಪು ನೆಲದಲ್ಲಿ ಎದ್ದು, ಅರಳಿ, ಬೇಗನೆ ಬಾಡುತ್ತದೆ. ಆ ಹೊತ್ತಿಗೆ ಅಲ್ಲಿಲ್ಲದವನಿಗೆ ಅದು ಬರಿಯ ನೆಲ.

ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ನಮ್ಮ ಅಭ್ಯಾಸ. ರಸ್ತೆಗೋ ಗಣಿಗೋ ಕಾಡು ಕೊಡುವ ಮುನ್ನ ಗಿಡಮರಗಳ ಪಟ್ಟಿ ಮಾಡುತ್ತೇವೆ. ಪಟ್ಟಿಯಲ್ಲಿ ಬಾರದ್ದು ಅಲ್ಲಿಲ್ಲವೆಂದೇ ತೀರ್ಮಾನ. ಬ್ರಿಟನ್ನಿನಲ್ಲಿ ಆ ತೀರ್ಮಾನ ಸುಳ್ಳಾದದ್ದು, ಅಷ್ಟು ಹೊತ್ತಿಗೆ ಕಾಡು ಉಳಿದಿದ್ದರಿಂದ. ಮರ ಕಡಿದು ಮಣ್ಣು ಬಗೆದಿದ್ದರೆ ತಪ್ಪಾಯಿತೆಂದು ತಿಳಿಯುವ ದಾರಿಯೂ ಇರುತ್ತಿರಲಿಲ್ಲ. ಒಂದು ಕಾಡಿನಲ್ಲಿ ವಿಶೇಷವೇನೂ ಇಲ್ಲ ಎಂದು ಬರೆಯುವ ಮುನ್ನ, ಅಲ್ಲಿ ಎಷ್ಟು ಮಳೆಗಾಲ ಬಗ್ಗಿ ನೋಡಿದ್ದೇವೆ ಎಂದು ಕೇಳಿಕೊಳ್ಳೋಣ.