ಸೇವೆಗೆ ಹೋದವನು ಉಣ್ಣಬಹುದೆ?

ದಾಸೋಹವೆಂದರೆ ನೀಡುವುದು ಎಂಬ ಅರ್ಥವೇ ನಮ್ಮಲ್ಲಿ ರೂಢವಾಗಿದೆ. ಆದರೆ ನೀಡಲೆಂದು ಹೋದವನು ತಾನೇ ಕೈಯೊಡ್ಡಿ ಪಡೆಯಬೇಕಾಗಿ ಬಂದಾಗ ಅವನ ಧರ್ಮವೇನು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿದಂತಿಲ್ಲ. ವಾಚಕರು ಈ ಪ್ರಶ್ನೆಯನ್ನು ದೂರದ ಫಿಲಿಪೈನ್ಸ್ ದೇಶದ ಒಂದು ನಿದರ್ಶನದ ಮೂಲಕ ಪರಿಭಾವಿಸಬೇಕೆಂದು ಬಿನ್ನಹ.

7,000ಕ್ಕೂ ಮಿಕ್ಕ ದ್ವೀಪಗಳ ಆ ನಾಡಿನಲ್ಲಿ ವೈದ್ಯರು ನಗರಗಳಲ್ಲಿಯೇ ಹೆಚ್ಚು. ಆದುದರಿಂದ ಸ್ವಯಂಸೇವಕ ವೈದ್ಯರ ತಂಡಗಳು ಹಳ್ಳಿಗಳಿಗೆ ಹೋಗಿ ಉಚಿತ ಚಿಕಿತ್ಸೆ ಮಾಡುವ ಪದ್ಧತಿ ಅಲ್ಲಿ ಬೇರೂರಿದೆ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತವು ಸಮಾರ್, ಲೇಯ್ಟೆ ದ್ವೀಪಗಳ ಮೇಲೆರಗಿ 6,000ಕ್ಕೂ ಹೆಚ್ಚು ಜನ ಮಡಿದಾಗ ಹಲವು ದೇಶಗಳ ವೈದ್ಯರು ಅಲ್ಲಿಗೆ ಧಾವಿಸಿದರು.

ಇಂತಹ ಶಿಬಿರ ನಡೆದ ಊರಿನವರು ವೈದ್ಯರನ್ನು ಬರಿಹೊಟ್ಟೆಯಲ್ಲಿ ಕಳುಹಿಸರು. ‘ಕಾಇನ್ ತಾಯೊ’, ಅಂದರೆ ‘ಬನ್ನಿ, ಉಣ್ಣೋಣ’ ಎಂಬುದು ಅಲ್ಲಿಯ ನಿತ್ಯದ ಮಾತು. ಬಾಳೆಲೆ ಹಾಸಿದ ಪಾತ್ರೆಯಲ್ಲಿ ಅಕ್ಕಿಹಿಟ್ಟು ಹೊಯ್ದು ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸಿದ ಬಿಬಿಂಗ್ಕಾ, ತೆಂಗಿನಹಾಲಿನ ಅಂಟಕ್ಕಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಸುಮಾನ್, ನಮ್ಮ ಇಡ್ಲಿಯ ಬಂಧುವಿನಂತಿರುವ ಪುತೊ, ನುಗ್ಗೆಸೊಪ್ಪು ಹಾಕಿದ ಹೆಸರುಕಾಳಿನ ಸಾರು ಇವೆಲ್ಲ ಎದುರಿಗೆ ಬರುತ್ತವೆ.

ಇಲ್ಲಿ ಧರ್ಮಸಂಕಟವುಂಟಾಗುತ್ತದೆ. ಬಡವರ ಮನೆಯ ಅನ್ನ. ತಾನುಂಡ ತುತ್ತು ಮಗುವೊಂದರ ಪಾಲಿನದಾಗಿರಬಹುದು. ‘ಬೇಡ’ ಎಂದುಬಿಡುವುದೇ ಕರುಣೆಯಲ್ಲವೆ? ಹಾಗೆ ತೋರುವುದು ಸಹಜ. ಆದರೆ ಆ ಜನರ ಕಡೆಯಿಂದಲೂ ನೋಡಬೇಕು. ‘ಉತಾಂಗ್ ನಾ ಲೋಒಬ್’ ಎಂಬ ಮಾತು ಅವರ ನೀತಿಯಲ್ಲಿ ದೊಡ್ಡದು. ಒಳಗಿನ ಋಣವೆಂದು ಅದರ ಭಾವ. ಉಪಕಾರ ಪಡೆದವನು ಅದನ್ನು ಹೃದಯದಲ್ಲಿ ಹೊತ್ತಿರುತ್ತಾನೆ. ಹಣದಿಂದ ತೀರಿಸಲಾಗದ ಆ ಋಣವನ್ನು ಅನ್ನದ ಮೂಲಕ ಒಪ್ಪಿಸಲು ಬಂದವನನ್ನು ತಡೆದರೆ ಪುಣ್ಯವೆಲ್ಲ ವೈದ್ಯನಿಗೆ, ಭಾರವೆಲ್ಲ ಬಡವನಿಗೆ ಎಂದಾಗುವುದಿಲ್ಲವೆ? ಕರುಣೆಯ ವೇಷ ಧರಿಸಿದ ಅಹಂಕಾರವಿದು. ಆ ದೇಶದ ಮನಶ್ಶಾಸ್ತ್ರಜ್ಞ ವಿರ್ಜಿಲಿಯೊ ಎನ್ರಿಕೆಸ್ ತಮ್ಮ ಜನರ ಮನೋಧರ್ಮದ ಮೂಲವೆಂದು ಗುರುತಿಸಿದ ‘ಕಪ್ವಾ’ ಎಂಬ ತತ್ತ್ವವೂ ತಾನು ಬೇರೆ, ಇತರನು ಬೇರೆ ಎಂಬ ಗೋಡೆಯನ್ನು ಒಪ್ಪದು. ದಾಸೋಹಭಾವವೂ ‘ನಾನು ನೀಡಿದೆ’ ಎಂಬುದನ್ನು ಅಳಿಸಲೆಂದೇ ಇರುವುದಷ್ಟೆ.

ಇನ್ನೊಂದು ಆಕ್ಷೇಪವನ್ನು ಶಿವಭಕ್ತರು ಎತ್ತದಿರರು. ಅಲ್ಲಿಯ ಅಡಿಗೆಯಲ್ಲಿ ಮೀನು, ಹಂದಿಮಾಂಸ ಸಾಮಾನ್ಯ; ಪಿನಕ್ಬೆಟ್ ಎಂಬ ತರಕಾರಿಯ ಪಲ್ಯಕ್ಕೂ ‘ಬಗೊಓಂಗ್’ ಎಂಬ ಸಿಗಡಿ ಇಲ್ಲವೆ ಮೀನಿನ ಹುದುಗನ್ನು ಬೆರೆಸುತ್ತಾರೆ. ವ್ರತನಿಷ್ಠನು ಅದನ್ನು ಉಣ್ಣಬೇಕಾಗಿಲ್ಲ. ತನ್ನ ನಿಯಮವನ್ನು ಮುಂಚಿತವಾಗಿಯೇ ವಿನಯದಿಂದ ತಿಳಿಸಿ, ಬೇಯಿಸಿದ ಗೆಣಸು, ಬಾಳೆಹಣ್ಣು, ಸುಮಾನ್ ಇವನ್ನು ಕೇಳಿ ಪಡೆಯಲಿ. ಪದಾರ್ಥವನ್ನು ಬಿಡಬಹುದು, ಪಂಕ್ತಿಯನ್ನು ಬಿಡಲಾಗದು. ತಾನು ಉಣ್ಣದುದನ್ನು ಕಂಡು ಮುಖ ಸಿಂಡರಿಸುವುದಂತೂ ನಿಷ್ಠೆಯ ಲಕ್ಷಣವಲ್ಲ.

ದುಃಖದ ನಡುವೆ ರುಚಿಯನ್ನು ಸವಿಯುವುದು ತಪ್ಪೆ ಎಂದರೆ, ಅದೂ ತಪ್ಪಲ್ಲ. ಬಡಿಸಿದ ತಾಯಿ ನೋಡುವುದು ಉಣ್ಣುವವನ ಮುಖವನ್ನು. ಒಲ್ಲದ ಮನದಿಂದ ನುಂಗಿದ ಅನ್ನ ಆಕೆಗೆ ತೃಪ್ತಿ ಕೊಡದು. ಆದರೆ ಮಿತಿಯಿರಲಿ. ತಂಡವು ತನ್ನ ಅಕ್ಕಿಬೇಳೆಯನ್ನು ತಾನೇ ಒಯ್ಯಲಿ. ಊರಿನ ಮೇಲೆ ಭಾರವಾಗದಿರಲಿ. ಅಕ್ಕರೆಯಿಂದ ಬಂದುದನ್ನು ಸ್ವಲ್ಪವಾಗಿ, ಚೆಲ್ಲದೆ, ಸಂತೋಷದಿಂದ ಸ್ವೀಕರಿಸಲಿ. ಅರ್ಪಿತವಾದ ಪದಾರ್ಥವೇ ಪ್ರಸಾದವಾಗುತ್ತದೆಂದು ನಂಬಿದ ನಮಗೆ ಇದು ಹೊಸ ಪಾಠವೇನಲ್ಲ.

ಮಠದಲ್ಲಿ ಓದಿದ ಬಂಧುಗಳೇ, ನೀವು ಪಂಕ್ತಿಯಲ್ಲಿ ಕುಳಿತು ಉಂಡ ಮುದ್ದೆ, ರೊಟ್ಟಿ ಯಾವುದೋ ಒಕ್ಕಲಿನ ಕಣದಿಂದ ಬಂದ ಕಾಳಿನದು. ಆ ಅನ್ನ ನಿಮ್ಮನ್ನು ಕುಗ್ಗಿಸಲಿಲ್ಲ, ನೀಡುವವರನ್ನಾಗಿ ಬೆಳೆಸಿತು. ಇಂದು ನೀವು ವೈದ್ಯರಾಗಿ, ಶಿಕ್ಷಕರಾಗಿ ಯಾವ ನಾಡಿಗೆ ಸೇವೆಗೆ ಹೋದರೂ, ಅಲ್ಲಿಯ ಬಡವನಿಗೂ ನೀಡುವವನಾಗುವ ಅವಕಾಶವನ್ನು ಕೊಡಿರಿ.